ನಾಯಿಮರಿ ಆರಿಸುವ ಮುನ್ನ ತಾಯಿಯ ಸೊಂಟ ನೋಡಿ

ಹಸು ಕೊಳ್ಳಲು ಹೋದರೆ ನಮ್ಮ ಕಡೆಯವರು ಅರ್ಧ ದಿನ ಕಳೆಯುತ್ತಾರೆ. ಹಲ್ಲು ಎಣಿಸುತ್ತಾರೆ, ಸುಳಿ ಹುಡುಕುತ್ತಾರೆ, ಕೆಚ್ಚಲು ಮುಟ್ಟಿ ನೋಡುತ್ತಾರೆ, ಎರಡು ಹೊತ್ತು ಹಾಲು ಕರೆಸಿ ಅಳೆಯುತ್ತಾರೆ. ಅದೇ ಜನ, ಹತ್ತು ಹನ್ನೆರಡು ವರ್ಷ ಮನೆಯೊಳಗೆ ಓಡಾಡಬೇಕಾದ ನಾಯಿಯನ್ನು ವಾಟ್ಸ್‌ಆ್ಯಪ್ ಫೋಟೊ ನೋಡಿ, ಮುಂಗಡ ಕಳಿಸಿ, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿಸಿಕೊಂಡು ತರುತ್ತಾರೆ. ಮರಿಯ ಕಿವಿ ಎಷ್ಟು ಮುದ್ದಾಗಿದೆ ಎಂಬುದು ಗೊತ್ತಿರುತ್ತದೆ. ಅದರ ತಾಯಿ ನೆಟ್ಟಗೆ ನಡೆಯುತ್ತದೋ ಕುಂಟುತ್ತದೋ ಗೊತ್ತಿರುವುದಿಲ್ಲ. ಆಲ್ದೂರು, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಇಂಥ ನಾಯಿಗಳ ಕೊನೆಯ ದಿನಗಳನ್ನು ಸಾಕಷ್ಟು ನೋಡಿದ್ದೇನೆ. ಅದರಲ್ಲಿ ಒಂದು ನಮ್ಮದೇ.

ರಾಣಿ ಜರ್ಮನ್ ಶೆಫರ್ಡ್. ವರ್ಷ ತುಂಬುವ ಮೊದಲೇ, ಓಡುವಾಗ ಎರಡೂ ಹಿಂಗಾಲು ಜೋಡಿಸಿ ಮೊಲದಂತೆ ನೆಗೆಯುತ್ತಿದ್ದಳು. ಚೇಷ್ಟೆ ಎಂದುಕೊಂಡು ನಕ್ಕೆವು. ಆರನೇ ಮಳೆಗಾಲಕ್ಕೆ ಜಗಲಿಯ ಮೂರು ಮೆಟ್ಟಿಲು ಇಳಿಯಲಾರದೆ ನಿಂತಳು. ಖಾಲಿ ಕಾಫಿ ಚೀಲವನ್ನು ಅವಳ ಹೊಟ್ಟೆಯಡಿ ತೂರಿಸಿ, ಎರಡೂ ತುದಿ ಹಿಡಿದು ಎತ್ತಿ, 34 ಕಿಲೊ ತೂಕದ ನಾಯಿಯನ್ನು ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಉಚ್ಚೆ ಹೊಯ್ಯಿಸಲು ಕರೆದೊಯ್ಯುತ್ತಿದ್ದೆವು. ಎರಡೂವರೆ ವರ್ಷ ಹೀಗೇ ನಡೆಯಿತು. ಮರಿ ತರುವ ದಿನ ಒಂದು ಗಂಟೆ ಹೆಚ್ಚು ನಿಂತು ಅದರ ತಾಯಿಯನ್ನು ನೋಡಿದ್ದರೆ ಇದರಲ್ಲಿ ಬಹುಪಾಲು ತಪ್ಪುತ್ತಿತ್ತೋ ಏನೋ.

ಮೊದಲು ಸುಮ್ಮನಿರಿ

ಹಳೆಯ ನಾಯಿ ಸತ್ತ ತಿಂಗಳೊಳಗೆ ಯಾವ ಮರಿಯನ್ನೂ ನೋಡಲು ಹೋಗಬೇಡಿ. ಆ ದುಃಖದಲ್ಲಿ ಅದೇ ತಳಿ, ಅದೇ ಬಣ್ಣ, ಅದೇ ಹೆಸರು ಬೇಕೆನಿಸುತ್ತದೆ. ಹೋದ ನಾಯಿಗೆ ಏನೇನು ಕಾಯಿಲೆ ಬಂತು, ಎಷ್ಟು ಖರ್ಚಾಯಿತು, ಎಷ್ಟು ಸಲ ಕೆಲಸ ಬಿಟ್ಟು ಪಟ್ಟಣಕ್ಕೆ ಓಡಿದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ವಾಂತಿ, ರಕ್ತಭೇದಿ ತರುವ ಪಾರ್ವೊ ರೋಗದಿಂದ ಸತ್ತಿದ್ದರೆ ಆ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಅಂಥ ಮನೆಗೆ ಲಸಿಕೆ ಪೂರ್ತಿಯಾದ, ನಾಲ್ಕು ತಿಂಗಳು ದಾಟಿದ ನಾಯಿಯನ್ನೇ ತರಬೇಕು.

ನಿಮ್ಮ ಊರಿನ ಲೆಕ್ಕ

ಕಡೂರು, ಅರಸೀಕೆರೆಯ ಬಿಸಿಲಿಗೆ ಒಪ್ಪುವ ನಾಯಿ ಬೇರೆ, ಸಕಲೇಶಪುರದ ಮಳೆಗೆ ಒಪ್ಪುವ ನಾಯಿ ಬೇರೆ. ಬಯಲುಸೀಮೆಯಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್ ಸಾಕುವುದು ಹಿಂಸೆ. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಮೈ ಒಣಗುವುದಿಲ್ಲ, ಹಾಗಾಗಿ ದಟ್ಟ ಕೂದಲಿನ ಗೋಲ್ಡನ್ ರಿಟ್ರೀವರ್‌ಗೆ ಚರ್ಮದ ಹುಣ್ಣು, ಜೋಲುಕಿವಿಯ ಕಾಕರ್ ಸ್ಪ್ಯಾನಿಯಲ್‌ಗೆ ಕಿವಿಸೋರಿಕೆ ಮನೆಯ ಖಾಯಂ ಅತಿಥಿಗಳು.

ಉಣ್ಣೆಯಂತೂ ಯಾವ ತಳಿಯನ್ನೂ ಬಿಡುವುದಿಲ್ಲ. ಅದರಿಂದ ಬರುವ ಎರ್ಲಿಕಿಯಾ, ಬೆಬೀಸಿಯಾ ಜ್ವರಗಳು ತೋಟದ ನಾಯಿಗಳನ್ನು ಪ್ರತಿವರ್ಷ ಕೊಲ್ಲುತ್ತವೆ. ಎರ್ಲಿಕಿಯಾ ತಗುಲಿದರೆ ಜರ್ಮನ್ ಶೆಫರ್ಡ್ ಬೇರೆ ತಳಿಗಳಿಗಿಂತ ಹೆಚ್ಚು ನರಳುತ್ತದೆ ಎಂಬುದನ್ನು ಮಾರುವವರು ಯಾರೂ ಹೇಳುವುದಿಲ್ಲ. ಇಲ್ಲಿಯೇ ಒಂದು ಮಾತು. ದನಕ್ಕೆ ತಂದ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಬಳಿಯುವುದನ್ನು, ಸೀಮೆಎಣ್ಣೆ ಹಚ್ಚುವುದನ್ನು ಇನ್ನಾದರೂ ನಿಲ್ಲಿಸಿ. ಉಣ್ಣೆಗೆಂದು ಕೊಡಿಸುವ ಐವರ್‌ಮೆಕ್ಟಿನ್ ಚುಚ್ಚುಮದ್ದು ಕೋಲಿ ಜಾತಿಯ ನಾಯಿಗಳಿಗೆ ಪ್ರಾಣಾಪಾಯ. ಆ ತಳಿಯ ಹಲವು ನಾಯಿಗಳಲ್ಲಿರುವ ಒಂದು ವಂಶವಾಹಿ ದೋಷದಿಂದ ಆ ಔಷಧ ಮಿದುಳಿಗೆ ಇಳಿಯುತ್ತದೆ. ತಿಂಗಳಿಗೋ ಮೂರು ತಿಂಗಳಿಗೋ ಒಂದರಂತೆ ನುಂಗಿಸುವ ಮಾತ್ರೆಗಳಿವೆ. ವೈದ್ಯರನ್ನು ಕೇಳಿ ಕೊಡಿ. ಮೂರ್ಛೆ ಬರುವ ನಾಯಿಯಾದರೆ ಅದನ್ನು ಮೊದಲೇ ತಿಳಿಸಿ, ಏಕೆಂದರೆ ಆ ಮಾತ್ರೆಗಳಲ್ಲಿ ಕೆಲವು ಅಂಥ ನಾಯಿಗೆ ಆಗುವುದಿಲ್ಲ. ಬೀಗಲ್ ತಳಿಯಲ್ಲಿ ಮೂರ್ಛೆರೋಗ ಅಪರೂಪವೇನಲ್ಲ.

ಕಾಯಿಲೆಗಳನ್ನು ಮೂರು ರಾಶಿ ಮಾಡಿ

ಪ್ರತಿ ತಳಿಗೂ ಕಾಯಿಲೆಗಳ ಉದ್ದನೆಯ ಪಟ್ಟಿ ಸಿಗುತ್ತದೆ. ಅದನ್ನು ಓದಿ ಹೆದರುವವರೂ ಇದ್ದಾರೆ, ಎಲ್ಲ ತಳಿಗೂ ಏನಾದರೊಂದು ಇದ್ದೇ ಇರುತ್ತದೆ ಎಂದು ಪಟ್ಟಿಯನ್ನೇ ಮಡಚಿಡುವವರೂ ಇದ್ದಾರೆ. ಕಣದಲ್ಲಿ ಕಾಫಿ ವಿಂಗಡಿಸುವಂತೆ ಆ ಪಟ್ಟಿಯನ್ನು ವಿಂಗಡಿಸಬೇಕು.

ಮೊದಲ ರಾಶಿ, ನಾಯಿಯ ಆಕಾರವೇ ಕಾಯಿಲೆಯಾಗಿರುವಂಥದ್ದು. ಪಗ್, ಫ್ರೆಂಚ್ ಬುಲ್‌ಡಾಗ್, ಶಿಟ್ಸು ಇವುಗಳ ಮೂತಿಯನ್ನು ಮನುಷ್ಯ ಒತ್ತಿ ಗಿಡ್ಡ ಮಾಡಿದ್ದಾನೆ. ಒಳಗಿನ ಅಂಗುಳು ಮಾತ್ರ ಗಿಡ್ಡವಾಗಲಿಲ್ಲ. ಅದು ಗಂಟಲಿಗೆ ಅಡ್ಡ ಜೋಲುತ್ತದೆ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ತೇಕಲಾಗದ ನಾಯಿಗೆ ಏಪ್ರಿಲ್ ಬಿಸಿಲು ಎಂದರೆ ಏನೆಂದು ಯೋಚಿಸಿ. 2003ರ ಸುಮಾರಿಗೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಪಗ್ ಹುಡುಗನ ಹಿಂದೆ ಓಡಿದ್ದೇ ಓಡಿದ್ದು, ಊರೂರಿಗೂ ಪಗ್ ಬಂತು. ಅದರ ಗೊರಕೆಯನ್ನು ಮುದ್ದು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಎಚ್ಚರವಿರುವಾಗಲೂ ಗೊರಕೆ ಹೊಡೆಯುವ ಪ್ರಾಣಿ ಉಸಿರಿಗೆ ಒದ್ದಾಡುತ್ತಿದೆ. ಉದ್ದ ಬೆನ್ನು, ಮೋಟುಕಾಲಿನ ಡ್ಯಾಶ್‌ಹುಂಡ್‌ನ ಬೆನ್ನುಮೂಳೆಯ ಬಿಲ್ಲೆ ಜಾರುವುದು, ಗ್ರೇಟ್ ಡೇನ್‌ನಂಥ ಎದೆಗೂಡು ಆಳವಾಗಿರುವ ನಾಯಿಯ ಜಠರ ಉಬ್ಬಿ ತಿರುಚಿಕೊಳ್ಳುವುದು ಇದೇ ರಾಶಿಗೆ ಸೇರಿದವು. ಜಠರ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು. ಕಳಸದಿಂದ ರಾತ್ರಿ ಎರಡಕ್ಕೆ ಘಾಟಿ ರಸ್ತೆಯಲ್ಲಿ ಎಲ್ಲಿಗೆ ಒಯ್ಯುತ್ತೀರಿ? ಈ ರಾಶಿಯ ತಳಿಗಳನ್ನು ತೋಟದ ಮನೆಗೆ ತರಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದನ್ನು ಮೊದಲು ಮುಗಿಸಿಬಿಡುತ್ತೇನೆ: ಕಿವಿ, ಚರ್ಮ, ಬೊಜ್ಜು. ಇವು ನಿಮ್ಮ ಕೈಯಲ್ಲಿರುವವು. ಲ್ಯಾಬ್ರಡಾರ್ ಸದಾ ಹಸಿದಂತೆ ನೋಡುವುದಕ್ಕೆ ಕಾರಣವಿದೆ. ಬ್ರಿಟನ್ನಿನಲ್ಲಿ ಪರೀಕ್ಷಿಸಿದ ಲ್ಯಾಬ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದಕ್ಕೆ ಹಸಿವು ತಣಿಯದಂತೆ ಮಾಡುವ ವಂಶವಾಹಿ ದೋಷವಿತ್ತು ಎಂದು 2016ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ತೋರಿಸಿದರು. ಆ ಕಣ್ಣಿಗೆ ಕರಗಿ ಎರಡನೇ ಕಡುಬು ಹಾಕುವ ಅಜ್ಜಿ ಮನೆಯಲ್ಲಿದ್ದರೆ ಲ್ಯಾಬ್ ಬೇಡ.

ಎರಡನೇ ರಾಶಿಯೇ ನಿಜವಾದ ಕೆಲಸ. ತಂದೆತಾಯಿಯನ್ನು ಪರೀಕ್ಷಿಸಿದರೆ ಎಷ್ಟೋ ಮಟ್ಟಿಗೆ ಊಹಿಸಬಹುದಾದ ಕಾಯಿಲೆಗಳು ಇವು. ಶೆಫರ್ಡ್, ಲ್ಯಾಬ್, ರಾಟ್‌ವೀಲರ್‌ಗಳ ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್‌ಪ್ಲೇಸಿಯಾ, ಡಾಬರ್‌ಮನ್‌ನ ಹೃದಯ ಹಿಗ್ಗುವ ರೋಗ, ಡಾಲ್ಮೇಷಿಯನ್‌ನ ಹುಟ್ಟುಗಿವುಡು, ಲ್ಯಾಬ್ ಮತ್ತು ಕಾಕರ್‌ಗಳ ಕಣ್ಣಿನೊಳಗಿನ ಅಕ್ಷಿಪಟಲ (ರೆಟಿನಾ) ಸವೆಯುವ ಕುರುಡು.

ತಾಯಿಯನ್ನು ನೋಡುವ ಬಗೆ

ಹೆಚ್ಚಿನವರು ಎಡವುವುದು ಇಲ್ಲಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಹೇಳುತ್ತಲೇ ಮರಿಯ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತೇವೆ. ಮರಿಯ ಸೊಂಟ ನೋಡಿ ಪ್ರಯೋಜನವಿಲ್ಲ. ಸೊಂಟದ ರೋಗವಿರುವ ಮರಿಯೂ ಹುಟ್ಟುವಾಗ ಸರಿಯಾದ ಕೀಲಿನೊಂದಿಗೇ ಹುಟ್ಟುತ್ತದೆ, ಬೆಳೆಯುತ್ತ ಸಡಿಲಾಗುತ್ತದೆ. ನಲವತ್ತೈದು ದಿನದ ಮರಿಯನ್ನು ಎತ್ತಿ ಕಾಲು ಎಳೆದು ಗಟ್ಟಿ ಇದೆ ಎನ್ನುವವರನ್ನು ನಂಬಬೇಡಿ.

ಹೋದ ಕೂಡಲೇ ಮರಿಗಳನ್ನು ಒಳಗೇ ಬಿಡಲು ಹೇಳಿ. ತಾಯಿನಾಯಿ ಮಲಗಿರುವಾಗಲೇ ತಲುಪಿದರೆ ಅದೃಷ್ಟ. ಅದು ಏಳುವುದನ್ನು ನೋಡಿ. ಸರಿಯಿರುವ ನಾಯಿ ಹಿಂಭಾಗವನ್ನು ಒಂದೇ ತಳ್ಳಿಗೆ ಎತ್ತುತ್ತದೆ. ನೋವಿರುವ ನಾಯಿ ಮುಂಗಾಲಿನ ಮೇಲೆ ಭಾರ ಹಾಕಿ, ಮೈಯನ್ನು ಮುಂದಕ್ಕೆ ಎಳೆದುಕೊಂಡು, ಹಿಂಗಾಲನ್ನು ಆಮೇಲೆ ಜೋಡಿಸುತ್ತದೆ. ಎದ್ದ ಮೇಲಿನ ಮೊದಲ ಹತ್ತು ಹೆಜ್ಜೆ ಮುಖ್ಯ. ಮೈ ಬಿಸಿಯಾದ ಮೇಲೆ ಕುಂಟು ಮರೆಯಾಗುತ್ತದೆ. ಹಿಂದಿನಿಂದ ನಿಂತು ನೋಡಿ: ಸೊಂಟ ಅತ್ತಿತ್ತ ವಾಲುತ್ತಿದೆಯೇ, ಹಿಂಗಾಲುಗಳು ಒಂದಕ್ಕೊಂದು ತೀರ ಹತ್ತಿರ ಬೀಳುತ್ತಿವೆಯೇ? ಓಡಿಸಿದಾಗ ರಾಣಿಯಂತೆ ಮೊಲದ ನೆಗೆತ ಕಂಡರೆ ವಂದಿಸಿ ಹೊರಡಿ. ಎರಡೂ ತೊಡೆಗಳ ಮಾಂಸಖಂಡವನ್ನು ಎರಡು ಕೈಯಿಂದ ಒಟ್ಟಿಗೆ ಹಿಡಿದು ನೋಡಿ. ಒಂದು ಸೊರಗಿದ್ದರೆ ಆ ಕಾಲಿಗೆ ನಾಯಿ ಭಾರ ಕೊಡುತ್ತಿಲ್ಲ. ಮಾರುವವರು ನಾಯಿಯನ್ನು ಬಿಗಿಯಾಗಿ ಸರಪಳಿ ಹಿಡಿದೇ ತೋರಿಸುತ್ತಾರೆ. ಬಿಡಿಸಲು ಕೇಳಿ. ಹಾಗೆಯೇ ಅದರ ಸ್ವಭಾವವನ್ನೂ ನೋಡಿದಂತಾಗುತ್ತದೆ.

ಆಮೇಲೆ ಎಕ್ಸ್‌ರೇ ಕೇಳಿ. ತಂದೆತಾಯಿ ಎರಡರದ್ದೂ ಬೇಕು. ಯುರೋಪಿನ ಪದ್ಧತಿಯಲ್ಲಿ ಒಂದು ವರ್ಷ, ಅಮೆರಿಕದ ಪದ್ಧತಿಯಲ್ಲಿ ಎರಡು ವರ್ಷ ತುಂಬಿದ ಮೇಲೆ ತೆಗೆದ ಚಿತ್ರಕ್ಕೆ ಮಾತ್ರ ಅಂತಿಮ ದರ್ಜೆ. ಯುರೋಪಿನದರಲ್ಲಿ ಎ ಎಂದರೆ ದೋಷವಿಲ್ಲದ್ದು, ಇ ಎಂದರೆ ತೀವ್ರ. ಚಿತ್ರದ ಮೇಲೆ ನಾಯಿಯ ಮೈಕ್ರೋಚಿಪ್ ಸಂಖ್ಯೆ, ದಿನಾಂಕ ಇರಬೇಕು. ಇಲ್ಲದಿದ್ದರೆ ಅದು ಯಾವ ನಾಯಿಯದೋ. ಮಂಪರು ಕೊಟ್ಟು, ಎರಡೂ ಕಾಲುಗಳನ್ನು ನೇರವಾಗಿ ಚಾಚಿ ತೆಗೆದಿರಬೇಕು. ಒರಳಿನಲ್ಲಿ ರುಬ್ಬುಗುಂಡು ಕೂತಂತೆ ತೊಡೆಮೂಳೆಯ ತಲೆ ಸೊಂಟದ ಗುಳಿಯಲ್ಲಿ ಆಳವಾಗಿ ಕೂತಿರಬೇಕು. ಅರ್ಧಕ್ಕಿಂತ ಹೆಚ್ಚು ಹೊರಗಿದ್ದರೆ ಕಣ್ಣಿಗೇ ಕಾಣುತ್ತದೆ. ಆದರೂ ನೀವೇ ತೀರ್ಪು ಕೊಡಬೇಡಿ, ಫೋಟೊ ತೆಗೆದುಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಚಿಕ್ಕಮಗಳೂರಿನವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜು ಅರವತ್ತು ಕಿಲೊಮೀಟರ್ ಆಸುಪಾಸಿನಲ್ಲಿದೆ.

ಎರಡೂ ಸೊಂಟ ಚೆನ್ನಾಗಿದ್ದ ಜೋಡಿಗೂ ಒಮ್ಮೊಮ್ಮೆ ಕೆಟ್ಟ ಸೊಂಟದ ಮರಿ ಹುಟ್ಟುತ್ತದೆ. ಹಲವು ವಂಶವಾಹಿಗಳು ಸೇರಿ ತರುವ ರೋಗವಿದು. ಪರೀಕ್ಷೆಯಿಂದ ಅಪಾಯ ತಗ್ಗುತ್ತದೆ, ಪೂರ್ತಿ ಅಳಿಯುವುದಿಲ್ಲ.

ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಹತ್ತು ಜನ ಮಾರುವವರನ್ನು ಕೇಳಿದರೆ ಎಕ್ಸ್‌ರೇ ಇಟ್ಟವರು ಒಬ್ಬರು ಸಿಕ್ಕರೆ ಹೆಚ್ಚು. ‘ಸಾರ್, ಅಪ್ಪ ಅಮ್ಮ ಎರಡೂ ಚಾಂಪಿಯನ್ ಲೈನ್, ಅದೆಲ್ಲ ಯಾಕೆ?’ ಎನ್ನುತ್ತಾರೆ. ಆಗ ಮಾಡಬೇಕಾದದ್ದು ಒಂದಿದೆ. ಇದೇ ಜೋಡಿಯ ಹಿಂದಿನ ಸೂಲಿನ ಮರಿಗಳನ್ನು ಯಾರು ಕೊಂಡರು ಎಂದು ಕೇಳಿ, ಮೂರು ಮನೆಗಳ ಫೋನ್ ನಂಬರ್ ಪಡೆಯಿರಿ. ಎರಡು ಮೂರು ವರ್ಷ ದಾಟಿದ ಆ ನಾಯಿಗಳು ಮೆಟ್ಟಿಲು ಹತ್ತುತ್ತವೆಯೇ, ಜೀಪಿಗೆ ನೆಗೆಯುತ್ತವೆಯೇ ಎಂದು ವಿಚಾರಿಸಿ. ಸಾಧ್ಯವಾದರೆ ಹೋಗಿ ನೋಡಿ. ಕೊಂಡವರಿಗೆ ಸುಳ್ಳು ಹೇಳುವ ಕಾರಣವಿಲ್ಲ.

ಡಾಬರ್‌ಮನ್ ವಿಷಯದಲ್ಲಿ ಇಷ್ಟೂ ಸಾಲದು. ಅದರ ಹೃದಯರೋಗ ತಲೆಯೆತ್ತುವುದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ. ಎರಡು ವರ್ಷದ ತಾಯಿಯ ಹೃದಯ ಚೆನ್ನಾಗಿದೆ ಎಂಬ ವರದಿಗೆ ಹೆಚ್ಚು ಬೆಲೆಯಿಲ್ಲ. ಅಜ್ಜ ಅಜ್ಜಿ ಎಷ್ಟು ವರ್ಷಕ್ಕೆ, ಏನಾಗಿ ಸತ್ತವು ಎಂದು ಕೇಳಿ. ‘ಚೆನ್ನಾಗೇ ಇತ್ತು, ಒಂದು ದಿನ ದಿಢೀರನೆ ಬಿದ್ದು ಸತ್ತಿತು’ ಎಂಬ ಉತ್ತರ ಬಂದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು.

ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಕಾಗದವನ್ನು ಆರೋಗ್ಯದ ಪ್ರಮಾಣಪತ್ರ ಎಂದುಕೊಳ್ಳುವವರು ಬಹಳ. ಅದು ವಂಶಾವಳಿ ಮಾತ್ರ. ಆದರೆ ಅದನ್ನು ಓದುವುದರಿಂದ ಒಂದು ಲಾಭವಿದೆ: ತಂದೆಯ ಕಡೆಯಲ್ಲೂ ತಾಯಿಯ ಕಡೆಯಲ್ಲೂ ಒಂದೇ ನಾಯಿಯ ಹೆಸರು ಮತ್ತೆ ಮತ್ತೆ ಬಂದರೆ ರಕ್ತ ತೀರ ಹತ್ತಿರದ್ದು ಎಂದರ್ಥ. ಇನ್ನು ‘ಡಬಲ್ ಬೋನ್ ಲ್ಯಾಬ್’, ‘ಟೀಕಪ್ ಪಾಮ್’, ‘ಫುಲ್ ಪಂಚ್ ಫೇಸ್’ ಇವೆಲ್ಲ ಅಂಗಡಿಯ ಭಾಷೆ. ಮೂಳೆಯಲ್ಲಿ ಸಿಂಗಲ್ಲು ಡಬಲ್ಲು ಎಂಬುದಿಲ್ಲ.

ತಾಯಿ ಬೇರೆ ಊರಿನಲ್ಲಿದೆ ಎಂದರೆ, ಎಂಟು ವಾರ ತುಂಬದ ಮರಿಯನ್ನು ಕೊಡುತ್ತೇನೆ ಎಂದರೆ, ಅಲ್ಲಿಗೇ ಮಾತು ಮುಗಿಸಿ. ಎಂಟು ವಾರದ ಮೊದಲು ಮಾರುವಂತಿಲ್ಲ, ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು ಎಂದು 2017ರ ಕೇಂದ್ರದ ನಿಯಮಗಳೇ ಹೇಳುತ್ತವೆ. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ತಳಿಯೇ ಬೇಕೆ?

ಮುಧೋಳ ನಾಯಿಯನ್ನು ಕೇಳುವವರು ಈಗ ಹೆಚ್ಚಾಗಿದ್ದಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ, ಗಟ್ಟಿ ಮೈಕಟ್ಟು. ಆದರೆ ಅದು ಉತ್ತರದ ಒಣನೆಲದ್ದು. ಮೈಮೇಲೆ ಕೊಬ್ಬಿಲ್ಲ, ಕೂದಲು ಮೋಟು. ನಮ್ಮ ಜುಲೈ ಚಳಿಮಳೆಗೆ ನಡುಗುತ್ತದೆ. ಅರಿವಳಿಕೆ ಕೊಡುವ ಸಂದರ್ಭ ಬಂದರೆ ಮುಧೋಳ ಎಂದು ವೈದ್ಯರಿಗೆ ಒತ್ತಿ ಹೇಳಿ. ಇಂಥ ತೆಳು ಮೈಯ ಬೇಟೆನಾಯಿಗಳ ದೇಹ ಕೆಲವು ಅರಿವಳಿಕೆ ಮದ್ದನ್ನು ಬಹಳ ನಿಧಾನವಾಗಿ ಹೊರಹಾಕುತ್ತದೆ.

ನನ್ನನ್ನು ಕೇಳಿದರೆ ನಾಡುನಾಯಿಯೇ ಸೈ. ತೋಟದ ಕೂಲಿಕಾರರ ಲೈನ್ ಮನೆಗಳ ಹಿಂದೆ ಹುಟ್ಟಿದ ಮರಿಗಳಲ್ಲಿ ಒಂದು ಈಗ ನಮ್ಮ ಜಗಲಿಯಲ್ಲಿದೆ. ಉಣ್ಣೆಜ್ವರ ಅದಕ್ಕೂ ಬಂದಿತ್ತು, ಚಿರತೆಗೆ ಅದೂ ರುಚಿಯೇ, ಹಾಗಾಗಿ ಕತ್ತಲಾದ ಮೇಲೆ ಒಳಗೇ. ಆದರೆ ಸೊಂಟ, ಉಸಿರು, ಕಿವಿ ಮೂರರ ಚಿಂತೆಯೂ ಇಲ್ಲ. ಮಿಶ್ರತಳಿ ಎಂದೊಡನೆ ಕಣ್ಣು ಮುಚ್ಚಬೇಡಿ: ಲ್ಯಾಬ್‌ಗೂ ಶೆಫರ್ಡ್‌ಗೂ ಹುಟ್ಟಿದ ಮರಿ ಎರಡೂ ಕಡೆಯಿಂದ ಸೊಂಟದ ದೋಷವನ್ನೇ ತರಬಹುದು.

ಮರಿ ಮನೆಗೆ ಬಂದ ಮೇಲೆ

ಮೂರು ದಿನದೊಳಗೆ ವೈದ್ಯರಲ್ಲಿ ಹೃದಯದ ಬಡಿತ, ಹೊಕ್ಕುಳ, ಕಣ್ಣು ತೋರಿಸಿ. ದೋಷ ಕಂಡರೆ ಹಿಂದಿರುಗಿಸುವ ಮಾತನ್ನು ದುಡ್ಡು ಕೊಡುವ ಮೊದಲೇ ಬರೆಸಿಕೊಂಡಿರಿ. ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ಕಿವಿ ಪರೀಕ್ಷಿಸಿ. ಲಸಿಕೆಯ ವೇಳಾಪಟ್ಟಿ ತಪ್ಪಿಸಬೇಡಿ, ಇಲಿ ಓಡಾಡುವ ಗದ್ದೆ ಬದಿಯವರು ಲೆಪ್ಟೊಸ್ಪೈರೊಸಿಸ್ (ಇಲಿಜ್ವರ) ಲಸಿಕೆಯನ್ನೂ ಹಾಕಿಸಿ.

ಔಷಧಿ ಅಂಗಡಿಯವರು ದೊಡ್ಡ ತಳಿಯ ಮರಿ ಎಂದೊಡನೆ ಕ್ಯಾಲ್ಸಿಯಂ ಸಿರಪ್ಪಿನ ಬಾಟಲಿ ಮುಂದಿಡುತ್ತಾರೆ. ತೆಗೆದುಕೊಳ್ಳಬೇಡಿ. ಸರಿಯಾದ ಆಹಾರ ತಿನ್ನುವ ಮರಿಗೆ ಅದು ಬೇಕಿಲ್ಲ. ಹೆಚ್ಚಾದ ಕ್ಯಾಲ್ಸಿಯಂ ಬೆಳೆಯುವ ಮೂಳೆಯನ್ನೇ ಕೆಡಿಸುತ್ತದೆ. ನಾವು ರಾಣಿಗೆ ಆರು ಬಾಟಲಿ ಕುಡಿಸಿದ್ದೆವು. ನುಣುಪು ಟೈಲ್ಸ್ ಮೇಲೆ ಮರಿ ಜಾರಿ ಕಾಲು ಅಗಲಿಸದಂತೆ ಓಡಾಡುವ ದಾರಿಗೆ ಹಳೆಯ ಗೋಣಿ ಹಾಸಿ. ಮೈ ತೆಳುವಾಗಿರುವಂತೆ ಬೆಳೆಸಿ, ಪಕ್ಕೆಲುಬು ಬೆರಳಿಗೆ ಸಿಗುವಂತಿರಲಿ. ಪ್ರತಿ ಭಾನುವಾರ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾಫಿ ತೂಗುವ ತಕ್ಕಡಿಯೇ ಸಾಕು, ಮರಿಯನ್ನು ಬುಟ್ಟಿಯಲ್ಲಿ ಕೂರಿಸಿ ಆಮೇಲೆ ಬುಟ್ಟಿಯ ತೂಕ ಕಳೆದರಾಯಿತು.