ಮತ ಕೇಳಲು ಬಂದವರಿಗೆ ವಿದೇಶ ವ್ಯವಹಾರದ ಪ್ರಶ್ನೆ ಕೇಳುವ ಕ್ರಮ

ಲೋಕಸಭೆಗೆ ನಿಂತವರು ಕಾಫಿ, ಮೆಣಸು ಬೆಳೆಯುವ ನಮ್ಮ ಮೂಡಿಗೆರೆಗೋ ಸಕಲೇಶಪುರಕ್ಕೋ ಬಂದಾಗ ಚರಂಡಿ, ರಸ್ತೆಗಳ ಬಗ್ಗೆ ಧಾರಾಳವಾಗಿ ಮಾತನಾಡುತ್ತಾರೆ. ವಿದೇಶ ವ್ಯವಹಾರದ ಪ್ರಸ್ತಾಪ ಬಂದರೆ ಪಾಕಿಸ್ತಾನವನ್ನು ಬೈದು ಕಾರು ಹತ್ತುತ್ತಾರೆ. ಚರಂಡಿಗೆ ಗ್ರಾಮ ಪಂಚಾಯಿತಿ ಇದೆ. ವಿದೇಶ ವ್ಯವಹಾರ, ಅಂತರರಾಷ್ಟ್ರೀಯ ಒಪ್ಪಂದ ಮತ್ತು ವಿದೇಶಿ ವ್ಯಾಪಾರ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ, ಅಂದರೆ ಸಂಸತ್ತೇ ಕಾನೂನು ಮಾಡುವ ವಿಷಯಗಳಲ್ಲಿ, ಇರುವುದರಿಂದ ಅವನ್ನು ಸಂಸದರಲ್ಲದೆ ಬೇರೆ ಯಾರಲ್ಲಿ ಕೇಳುವುದು?

‘ನಮ್ಮ ವಿದೇಶಾಂಗ ನೀತಿ ಹೇಗಿದೆ?’ ಎಂದು ಕೇಳಬೇಡಿ; ಅದಕ್ಕೆ ಭಾಷಣವೇ ಉತ್ತರವಾಗಿ ಬರುತ್ತದೆ. ಕಣದಲ್ಲಿ ಒಣಗುತ್ತಿರುವ ಕಾಳುಮೆಣಸಿನಿಂದಲೇ ಪ್ರಶ್ನೆ ಶುರುವಾಗಲಿ. ಶ್ರೀಲಂಕಾದೊಡನೆ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದ ಮರೆಯಲ್ಲಿ ವಿಯೆಟ್ನಾಂ ಮೆಣಸು ಶ್ರೀಲಂಕಾದ್ದೆಂಬ ಹೆಸರಿನಲ್ಲಿ, ಕಡಿಮೆ ಸುಂಕಕ್ಕೆ ಒಳಬರುತ್ತಿದೆ ಎಂಬುದು ಬೆಳೆಗಾರರ ಹಳೆಯ ದೂರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ಅಗ್ಗದ ಮೆಣಸು ಒಳಬರದಂತೆ, ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ನಿಗದಿ ಮಾಡಿತು. ಈಗ ಅಭ್ಯರ್ಥಿಯನ್ನು ಹೀಗೆ ಕೇಳಿ: ಮೆಣಸು ನಿಜವಾಗಿ ಶ್ರೀಲಂಕಾದಲ್ಲೇ ಬೆಳೆದದ್ದು ಎಂಬ ಪ್ರಮಾಣಪತ್ರವನ್ನು ಯಾರು ಪರಿಶೀಲಿಸುತ್ತಾರೆ, ಅದನ್ನು ಬಿಗಿಗೊಳಿಸಲು ನೀವು ಯಾವ ಸಚಿವರ ಬಳಿ ಹೋಗುತ್ತೀರಿ?

‘ಕೃಷಿ ಸಚಿವರ ಗಮನಕ್ಕೆ ತರುತ್ತೇನೆ’ ಎಂದರೆ ಅವರ ತಯಾರಿ ಎಷ್ಟೆಂದು ಅಲ್ಲಿಗೇ ತಿಳಿಯಿತು. ಕಾಫಿ ಮಂಡಳಿ, ಸಂಬಾರ ಮಂಡಳಿ ಎರಡೂ ಇರುವುದು ವಾಣಿಜ್ಯ ಸಚಿವಾಲಯದ ಅಡಿಯಲ್ಲಿ.

ಕಾಫಿಯ ಪ್ರಶ್ನೆಗೆ ಇನ್ನೂ ಹೆಚ್ಚಿನ ಸಿದ್ಧತೆ ಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವಂತಿಲ್ಲ ಎನ್ನುವ ಕಾನೂನನ್ನು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದೆ. ಜಾರಿಯ ದಿನಾಂಕವನ್ನು ಮುಂದೂಡಿದ್ದರೂ ಕಾನೂನು ಉಳಿದಿದೆ. ಅದರ ಪ್ರಕಾರ ತೋಟ ಎಲ್ಲಿದೆಯೆಂದು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತೋಟವಾದರೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು. ಇಟಲಿ, ಜರ್ಮನಿ ನಮ್ಮ ಕಾಫಿಯ ದೊಡ್ಡ ಗಿರಾಕಿಗಳು. ಪಹಣಿ ಇನ್ನೂ ತಾತನ ಹೆಸರಿನಲ್ಲಿರುವ, ಪೋಡಿಯಾಗದ (ಅಳತೆಯಾಗಿ ಪಾಲು ಬೇರೆಯಾಗದ) ಮೂರೆಕರೆ ತೋಟದವನು ಈ ದಾಖಲೆಯನ್ನು ಹೇಗೆ ಒದಗಿಸಬೇಕು, ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಜೊತೆಗಿನ ಮಾತುಕತೆಯಲ್ಲಿ ಅವನ ಪರವಾಗಿ ಏನು ಕೇಳಬೇಕು ಎಂಬುದನ್ನು ಅಭ್ಯರ್ಥಿ ಹೇಳಲಿ.

ಹಾಲಿ ಸಂಸದರೇ ಮತ್ತೆ ನಿಂತಿದ್ದರೆ ಕೆಲಸ ಸುಲಭ. ಲೋಕಸಭೆಯ ಜಾಲತಾಣದಲ್ಲಿ ಸದಸ್ಯರ ಹೆಸರು ಮತ್ತು ಸಚಿವಾಲಯವನ್ನು ಆಯ್ಕೆ ಮಾಡಿದರೆ ಅವರು ಕೇಳಿದ ಪ್ರಶ್ನೆಗಳೂ ಸರ್ಕಾರದ ಉತ್ತರಗಳೂ ಸಿಗುತ್ತವೆ. ಮುದ್ರಿಸಿ ಕೈಯಲ್ಲಿ ಹಿಡಿದು ಹೋಗಿ. ಕಾಗದ ಕಂಡವರು ಮಾತು ಅಳೆದು ಆಡುತ್ತಾರೆ.

ಕಿಸೆಗೆ ಸಂಬಂಧಿಸದ ಒಂದು ಪ್ರಶ್ನೆಯನ್ನೂ ಇಟ್ಟುಕೊಳ್ಳಿ. ಹಾಸನ ಜಿಲ್ಲೆಯವರೇ ಆದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಡಿಸೆಂಬರಿನಲ್ಲಿ, ಬಾಂಗ್ಲಾದೇಶದೊಡನೆ ಗಂಗಾ ನೀರು ಹಂಚಿಕೆಯ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಅವಧಿ 30 ವರ್ಷ. ಮುಂದೇನಾಗಬೇಕೆಂದು ಹಾಸನದಲ್ಲಿ ಮತ ಕೇಳುವವರಿಗೆ ಒಂದು ಅಭಿಪ್ರಾಯವಾದರೂ ಇರಬೇಡವೇ?

‘ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ’ ಎನ್ನುವವರನ್ನು ಹೀಯಾಳಿಸಬಾರದು. ಪ್ರಶ್ನೆಯನ್ನು ಬೆಳೆಗಾರರ ಸಂಘದ ಪತ್ರದಲ್ಲಿ ಬರೆದು ಕೊಟ್ಟು, ಅವರ ಆಪ್ತ ಸಹಾಯಕರ ದೂರವಾಣಿ ಸಂಖ್ಯೆ ಪಡೆದು, ಮತದಾನಕ್ಕೆ ಮೊದಲೇ ಒಮ್ಮೆ ವಿಚಾರಿಸಿ.