ಅಟ್ಟದಿಂದ ಇಳಿದ ಕ್ರಿಕೆಟ್ ಕಾರ್ಡುಗಳಿಗೆ ಏನಾದರೂ ಗಿಟ್ಟುತ್ತದಾ? ನೀವೇ ನೋಡಿಕೊಳ್ಳುವ ಬಗೆ

ತುಮಕೂರಿನ ಚಿಕ್ಕಪೇಟೆಯಲ್ಲಿ ನನ್ನದೊಂದು ಆಫ್‌ಸೆಟ್ ಪ್ರೆಸ್ಸಿದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಇವೇ ದಿನದ ಕೆಲಸ. ಕಾಗದ ಮುಟ್ಟಿ ಅದರ ಕಾಲ ಹೇಳುತ್ತಾನೆ ಅಂತ ಯಾರೋ ಹಬ್ಬಿಸಿದ್ದಾರೆ. ಹಾಗಾಗಿ ಸುಣ್ಣಬಣ್ಣಕ್ಕೆಂದು ಅಟ್ಟ ಖಾಲಿ ಮಾಡಿದವರು ಬಿಸ್ಕತ್ತಿನ ಡಬ್ಬಿ ಹಿಡಿದು ನನ್ನ ಹತ್ತಿರ ಬರುತ್ತಾರೆ. ಡಬ್ಬಿಯೊಳಗೆ ಬಿಗ್ ಫನ್ ಬಬಲ್ ಗಮ್ ಕಾಲದ ಕ್ರಿಕೆಟಿಗರ ಚಿತ್ರಗಳು, ಆಟಗಾರರ ಅಂಕಿಅಂಶ ಹೋಲಿಸಿ ಆಡುವ ಟ್ರಂಪ್ ಕಾರ್ಡುಗಳು, ಡಬ್ಲ್ಯುಡಬ್ಲ್ಯುಎಫ್ ಪೈಲ್ವಾನರು. ಎಲ್ಲರ ಪ್ರಶ್ನೆಯೂ ಒಂದೇ: "ಅಣ್ಣ, ಅಮೆರಿಕದಲ್ಲಿ ಒಂದು ಕಾರ್ಡು ನೂರು ಕೋಟಿಗೆ ಹೋಯ್ತಂತೆ. ಇವಕ್ಕೇನಾದ್ರೂ ಗಿಟ್ಟುತ್ತಾ?"

ಹೋಗಿದ್ದು ನಿಜ. 2022ರ ಆಗಸ್ಟಿನಲ್ಲಿ ಮಿಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ ಟಾಪ್ಸ್ ಕಂಪನಿ 1952ರಲ್ಲಿ ತಂದ ಕಾರ್ಡು 1.26 ಕೋಟಿ ಡಾಲರಿಗೆ ಹರಾಜಾಯಿತು. 1952ರ ಸರಕಿನಲ್ಲಿ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಸಮುದ್ರಕ್ಕೆ ಸುರಿಸಿಬಿಟ್ಟೆವು ಅಂತ ಕಂಪನಿಯ ಸೈ ಬರ್ಗರ್ ಅವರೇ ಹೇಳಿದ್ದರು. ಅದೇ ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ ಕಂಪನಿಗಳು ಕಾರ್ಡುಗಳನ್ನು ಲೆಕ್ಕವಿಲ್ಲದೆ ಅಚ್ಚು ಹಾಕಿದವು. ಮುಂದೆ ಬೆಲೆ ಬರುತ್ತದೆಂದು ಜನ ಪ್ಲಾಸ್ಟಿಕ್ಕಿನಲ್ಲಿಟ್ಟು ಜೋಪಾನ ಮಾಡಿದರು. ಎಲ್ಲರ ಮನೆಯಲ್ಲೂ ಹೊಸದಾಗೇ ಉಳಿದದ್ದರಿಂದ ಅವುಗಳಲ್ಲಿ ಬಹುಪಾಲನ್ನು ಇವತ್ತು ಕೇಳುವವರಿಲ್ಲ. ಆ ಕಾಲಕ್ಕೆ ಅಲ್ಲಿನವರು 'ಜಂಕ್ ವ್ಯಾಕ್ಸ್', ಅಂದರೆ ಮೇಣಗಾಗದದ ಪ್ಯಾಕೆಟ್ಟಿನ ಕಸ, ಅಂತ ಹೆಸರಿಟ್ಟಿದ್ದಾರೆ.

ನಮ್ಮ ಕಥೆ ಇದಕ್ಕೆ ತಿರುಗುಮುರುಗು. ನಮ್ಮ ಕಾರ್ಡುಗಳು ಮಳೆಯಲ್ಲಿ ನೆಂದವು, ಪಂದ್ಯ ಕಟ್ಟಿ ಸೋತವು, ಒಲೆಗೂ ಹೋದವು. ಉಳಿದದ್ದು ಕಮ್ಮಿ. ಆದರೆ ಕೊಳ್ಳುವವರು ಅದಕ್ಕಿಂತ ಕಮ್ಮಿ. ಯಾವ ಕಂಪನಿ ಯಾವ ವರ್ಷ ಎಷ್ಟು ಕಾರ್ಡು ತಂದಿತು ಎಂಬ ಪಟ್ಟಿ ಇದ್ದರೆ ತಾನೇ ಸಂಗ್ರಹಕಾರ 'ನನ್ನ ಹತ್ತಿರ ಇದೊಂದಿಲ್ಲ' ಅಂತ ಹುಡುಕಿಕೊಂಡು ಬರುವುದು? ನಮ್ಮಲ್ಲಿ ಲೈಸೆನ್ಸಿಲ್ಲದೆ ಅಚ್ಚಾದದ್ದೇ ಹೆಚ್ಚು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಆಡಿ ಸವೆದ ಬಿಡಿ ಟ್ರಂಪ್ ಕಾರ್ಡಿಗೆ ಕ್ಯಾತ್ಸಂದ್ರದಲ್ಲಿ ಒಂದು ತಟ್ಟೆ ಇಡ್ಲಿಯ ದುಡ್ಡು ಹುಟ್ಟಿದರೂ ದೊಡ್ಡದು. ಹಾಗಂತ ಡಬ್ಬಿಯನ್ನು ನೋಡದೆ ಗುಜರಿಗೆ ಹಾಕಬೇಡಿ.

ಡಬ್ಬಿ ತೆರೆದಾಗ ಮೊದಲು ಕೈ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಿ. ರಬ್ಬರ್ ಬ್ಯಾಂಡನ್ನು ಎಳೆಯಬೇಡಿ, ಕತ್ತರಿಸಿ ತೆಗೆಯಿರಿ. ಹಳೆಯ ರಬ್ಬರು ಕರಗಿ ಅಂಚಿಗೆ ಅಂಟಿಕೊಂಡಿರುತ್ತದೆ, ಎಳೆದರೆ ಬಣ್ಣವೂ ಕಿತ್ತು ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ನೋಟ್‌ಬುಕ್ಕಿಗೆ ಗೋಂದು ಹಾಕಿ ಅಂಟಿಸಿದ್ದರೆ ಹಾಗೇ ಬಿಡಿ. ಇನ್ನು ಲ್ಯಾಮಿನೇಷನ್. ಮಾರ್ಕ್ಸ್ ಕಾರ್ಡಿನಿಂದ ಹಿಡಿದು ದೇವರ ಪಟದವರೆಗೆ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸುವ ಊರು ನಮ್ಮದು. ನನ್ನ ಅಂಗಡಿಗೂ ಅದರಿಂದ ನಾಲ್ಕು ಕಾಸು ಬರುತ್ತದೆ. ಆದರೂ ಕಾರ್ಡನ್ನು ಬಿಸಿ ರೋಲರಿಗೆ ಕೊಟ್ಟಿರೋ, ಆ ಕ್ಷಣಕ್ಕೆ ಅದರ ಬೆಲೆ ಸೊನ್ನೆ. ಪ್ಲಾಸ್ಟಿಕ್ಕು ಕಾಗದದೊಳಗೆ ಕರಗಿ ಕೂರುತ್ತದೆ, ವಾಪಸು ಬಿಡಿಸಲಾಗದು.

ಆಮೇಲೆ ಕಾಲ ಗುರುತಿಸಬೇಕು. ಇದರಲ್ಲಿ ನನಗೆ ಬಹಳ ಖುಷಿ, ಒಂದಿಷ್ಟು ಜಾಸ್ತಿಯೇ ಹೇಳುತ್ತೇನೆ. ಟ್ರಂಪ್ ಕಾರ್ಡಿನ ಮೇಲೆ ಇಸವಿ ಇರುವುದಿಲ್ಲ, ಅಂಕಿಅಂಶ ಇರುತ್ತದೆ. ಅದೇ ಸಾಕು. ಲಾರಾನ ಟೆಸ್ಟ್ ಗರಿಷ್ಠ 277 ಅಂತಿದ್ದರೆ ಆ ಲೆಕ್ಕ 1993ರ ಜನವರಿಯಿಂದ 1994ರ ಏಪ್ರಿಲ್ ನಡುವಿನದು. 375 ಅಂತಿದ್ದರೆ ಅಲ್ಲಿಂದ 2004ರ ಏಪ್ರಿಲ್‌ವರೆಗೆ, ಆಮೇಲೆ 400. ನಮ್ಮ ಕುಂಬ್ಳೆಯ ಶ್ರೇಷ್ಠ ಬೌಲಿಂಗ್ 74ಕ್ಕೆ 10 ಅಂತ ಕಂಡರೆ ಅದು 1999ರ ಫೆಬ್ರವರಿಯ ದೆಹಲಿ ಟೆಸ್ಟಿಗಿಂತ ಮುಂಚಿನದಾಗಲು ಸಾಧ್ಯವೇ ಇಲ್ಲ. ಸಚಿನ್‌ನ ಏಕದಿನ ಗರಿಷ್ಠ 186 ಇದ್ದರೆ 1999ರ ನವೆಂಬರ್ ದಾಟಿದೆ, ಇನ್ನೂರು ಇದ್ದರೆ 2010 ಬಂದಾಗಿದೆ. ದ್ರಾವಿಡ್ ಟೆಸ್ಟ್ ಅಂಕಣ ತುಂಬಿದ್ದರೆ 1996ರ ಜೂನ್ ಆದ ಮೇಲಿನದು. ಕುಸ್ತಿ ಕಾರ್ಡಿನಲ್ಲಿ ಡಬ್ಲ್ಯುಡಬ್ಲ್ಯುಇ ಅಂತಿದ್ದರೆ 2002ರ ಮೇ ನಂತರದ್ದು, ಆ ಕಂಪನಿ ಹೆಸರು ಬದಲಿಸಿದ್ದು ಆಗಲೇ. ಪೆಟ್ಟಿಗೆ ಉಳಿದಿದ್ದರೆ ವಿಳಾಸ ಓದಿ. ಬಾಂಬೆ ಮುಂಬೈ ಆದದ್ದು 1995ರಲ್ಲಿ, ಮದ್ರಾಸು ಚೆನ್ನೈ ಆದದ್ದು 1996ರಲ್ಲಿ.

ಪ್ರೆಸ್ಸಿನವನಾಗಿ ಒಂದು ಎಚ್ಚರಿಕೆ. ಅಂಕಿ ಹೇಳುವುದು 'ಇದಕ್ಕಿಂತ ಹಿಂದಿನದಲ್ಲ' ಅಂತ ಮಾತ್ರ. ಹಳೆಯ ಪ್ಲೇಟನ್ನೇ ಮತ್ತೆ ಮಷೀನಿಗೆ ಹಾಕಿ ಎರಡು ವರ್ಷ ಕಳೆದು ಇನ್ನೊಂದು ಲೋಡು ಹೊಡೆಯುವುದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ. ಲಾರಾ 375 ಹೊಡೆದ ಮೇಲೂ 277ರ ಕಾರ್ಡು ಅಂಗಡಿಯಲ್ಲಿ ನೇತಾಡುತ್ತಿದ್ದಿರಬಹುದು.

ಇನ್ನು ಅಸಲಿಯೋ ನಕಲಿಯೋ ಎಂಬ ಪರೀಕ್ಷೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ನಾವು ಲೂಪ್ ಅನ್ನುತ್ತೇವಲ್ಲ, ಅದೊಂದಿದ್ದರೆ ಸಾಕು. ಆಫ್‌ಸೆಟ್ ಚಿತ್ರದಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲಾಗಿ ಹೂವಿನಾಕಾರದಲ್ಲಿ ಕೂತಿರುತ್ತವೆ. ಇಂಕ್‌ಜೆಟ್ಟಿನಲ್ಲಿ ತೆಗೆದದ್ದಾದರೆ ಎರಚಿದ ಹಾಗೆ ಅಸ್ತವ್ಯಸ್ತ. ಆದರೆ ನಕಲನ್ನೂ ಆಫ್‌ಸೆಟ್ಟಿನಲ್ಲೇ ಹೊಡೆದಿದ್ದರೆ? ಆಗ ಚಿತ್ರ ಬಿಟ್ಟು ಅಕ್ಷರ ನೋಡಿ. ಅಸಲಿನಲ್ಲಿ ಆಟಗಾರನ ಹೆಸರು ಸಾಮಾನ್ಯವಾಗಿ ಕಪ್ಪು ಶಾಯಿಯ ಪ್ಲೇಟೊಂದರಿಂದಲೇ ಬಂದಿರುತ್ತದೆ, ಅಕ್ಷರದ ಅಂಚು ಬ್ಲೇಡಿನಲ್ಲಿ ಕೊಯ್ದಂತೆ ಗಟ್ಟಿ. ಸ್ಕ್ಯಾನ್ ಮಾಡಿ ಮರುಮುದ್ರಿಸಿದ್ದರಲ್ಲಿ ಅಕ್ಷರವೂ ಚಿತ್ರದ ಭಾಗವೇ, ಹಾಗಾಗಿ ಅದರೊಳಗೂ ಬಣ್ಣದ ಚುಕ್ಕಿಗಳು ಕಾಣುತ್ತವೆ. ಚಿತ್ರವೇ ಸ್ವಲ್ಪ ಜರುಗಿ ಆಟಗಾರನಿಗೆ ಎರಡೆರಡು ಮೀಸೆ ಬಂದಿದ್ದರೆ ಗಾಬರಿ ಬೇಡ. ಅದು ರಿಜಿಸ್ಟರ್ ತಪ್ಪಿರುವುದು, ಅಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದಿರುವುದು, ನಕಲಿಯ ಗುರುತಲ್ಲ.

ತಾತ ಇಂಗ್ಲೆಂಡಿನಿಂದ ತಂದಿದ್ದರು ಅಂತ ಸಿಗರೇಟು ಪೊಟ್ಟಣದ ಕಾರ್ಡು ತೋರಿಸುವವರೂ ಅಪರೂಪಕ್ಕೆ ಬರುತ್ತಾರೆ. ಜಾನ್ ಪ್ಲೇಯರ್ ಕಂಪನಿ 1934ರಲ್ಲಿ ತಂದ 50 ಕ್ರಿಕೆಟಿಗರ ಸೆಟ್ಟಿನಂಥವು. ಅಂಗಡಿಯಲ್ಲಿ ನೋಟು ನೋಡುವ ನೀಲಿ ದೀಪದ ಕೆಳಗೆ ಹಿಡಿಯಿರಿ. ಕಾಗದ ಫಳಫಳ ಹೊಳೆದರೆ ಅನುಮಾನಿಸಿ, ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವುದು ಶುರುವಾದದ್ದೇ ಎರಡನೇ ಮಹಾಯುದ್ಧದ ನಂತರ. ಅಸಲಿಯಾದರೂ ಹಿಗ್ಗಬೇಡಿ, ಇಂಗ್ಲೆಂಡಿನಲ್ಲಿ ಅವು ಇವತ್ತಿಗೂ ಧಾರಾಳವಾಗಿ ಸಿಗುತ್ತವೆ.

ಹಾಗಾದರೆ ಡಬ್ಬಿಯಲ್ಲಿ ಯಾವುದನ್ನು ಎತ್ತಿಡಬೇಕು? ಪೆಟ್ಟಿಗೆ ಸಮೇತ ಒಂದೂ ಕಳೆಯದ ಸೆಟ್ಟು. ಒಡೆಯದ ಪ್ಯಾಕೆಟ್ಟು. 90ರ ದಶಕದಲ್ಲಿ ಆಸ್ಟ್ರೇಲಿಯಾದ ಫ್ಯುಟೇರಾ ತಂದಂಥ ವಿದೇಶಿ ಕಾರ್ಡುಗಳು, ಅದರಲ್ಲೂ ಸಚಿನ್, ದ್ರಾವಿಡ್ ಥರದವರ ಆರಂಭದ ದಿನಗಳದ್ದು. 25/100 ಎಂಬಂತೆ, ಅಂದರೆ ನೂರರಲ್ಲಿ ಇಪ್ಪತ್ತೈದನೆಯದು ಅಂತ, ಅನುಕ್ರಮ ಸಂಖ್ಯೆ ಹಾಕಿದ್ದು. ಆಟಗಾರನೇ ಸಹಿ ಮಾಡಿದ್ದು, ಅದಕ್ಕೂ ಪುರಾವೆ ಬೇಕು. ನಿಮ್ಮ ಮಕ್ಕಳ ಹತ್ತಿರ ಇರುವ ಐಪಿಎಲ್ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡುಗಳಲ್ಲಿ ಮಾಮೂಲಿಯವು ರಾಶಿ ರಾಶಿ ಇವೆ, ಮಿನುಗುವ ವಿಶೇಷ ಕಾರ್ಡನ್ನು ಮಾತ್ರ ಬೇರೆ ಇಡಿ.

ಎತ್ತಿಟ್ಟದ್ದರ ಮೂಲೆ, ಅಂಚು, ಮೇಲ್ಮೈ, ನಾಲ್ಕೂ ಕಡೆಯ ಬಿಳಿ ಬಾರ್ಡರ್ ಸಮವಾಗಿದೆಯೇ ಎಂಬುದು, ಇಷ್ಟನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಮೆರಿಕದ ಪಿಎಸ್‌ಎ ಥರದ ಕಂಪನಿಗಳು ಇವನ್ನೇ ನೋಡಿ 1ರಿಂದ 10ರವರೆಗೆ ಅಂಕ ಕೊಡುತ್ತವೆ. ಹಿಂದೆ ರೆನಾಲ್ಡ್ಸ್ ಪೆನ್ನಿನಲ್ಲಿ 'ಮಂಜ, 5ನೇ ಬಿ' ಅಂತ ಬರೆದಿದ್ದರೆ ಅಂಕದ ಆಸೆ ಬಿಡಿ. ಅಲ್ಲಿಗೆ ಕಳಿಸುವ ಶುಲ್ಕ, ಕೊರಿಯರ್, ವಿಮೆ ಎಲ್ಲ ಕೂಡಿದರೆ ನಮ್ಮ ಹೆಚ್ಚಿನ ಕಾರ್ಡುಗಳ ಬೆಲೆಯನ್ನು ಅದೇ ಮೀರುತ್ತದೆ. ಹಾಗೇ ಮಾರಿದರೆ ಎಷ್ಟು, ಅಂಕ ಹಾಕಿಸಿದರೆ ಎಷ್ಟು ಎಂಬ ವ್ಯತ್ಯಾಸ ಈ ಖರ್ಚಿಗಿಂತ ಚೆನ್ನಾಗಿ ಮೇಲಿದ್ದರೆ ಮಾತ್ರ ಆ ಯೋಚನೆ ಮಾಡಿ.

ಬೆಲೆ ತಿಳಿಯಲು ಇಬೇ ಎಂಬ ಜಾಲತಾಣದಲ್ಲಿ ಹುಡುಕಿ, 'ಸೋಲ್ಡ್ ಐಟಮ್ಸ್' ಎಂಬ ಆಯ್ಕೆಯನ್ನು ಒತ್ತಿ. ಮಾರಲು ಇಟ್ಟವನು ಲಕ್ಷ ಬರೆದುಕೊಳ್ಳಬಹುದು, ಅದಕ್ಕೆ ತೆರಿಗೆಯೇನಿಲ್ಲ. ಯಾರಾದರೂ ನಿಜವಾಗಿ ದುಡ್ಡು ಕೊಟ್ಟದ್ದು ಎಷ್ಟು ಎಂಬುದೇ ಲೆಕ್ಕ. ಬೆಂಗಳೂರಿನಲ್ಲಿ ನಾಣ್ಯ, ಅಂಚೆಚೀಟಿ ಮೇಳ ನಡೆದಾಗ ಹೋಗಿ ಬನ್ನಿ. ಅಲ್ಲಿನ ವ್ಯಾಪಾರಿಗಳ ಹತ್ತಿರ ಹಳೆಯ ಬೆಂಕಿಪೊಟ್ಟಣದ ಲೇಬಲ್ಲು, ಇಂಥ ಕಾರ್ಡುಗಳೂ ಇರುತ್ತವೆ. 'ಎಷ್ಟಕ್ಕೆ ಕೊಡ್ತೀರಿ' ಅಂತ ಕೇಳಬೇಡಿ, 'ಎಷ್ಟಕ್ಕೆ ತಗೊಳ್ತೀರಿ' ಅಂತ ಕೇಳಿ.

ಫೋನಿನಲ್ಲಿ ಯಾರಾದರೂ ಭಾರಿ ಬೆಲೆ ಹೇಳಿ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದರೆ ಅಲ್ಲಿಗೇ ಕಟ್ ಮಾಡಿ. ಹಳೆ ನಾಣ್ಯದ ಹೆಸರಿನಲ್ಲಿ ಇದೇ ಮೋಸ ಹಬ್ಬಿದಾಗ 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಡಬೇಕಾಯಿತು. ದುಡ್ಡು ನಿಮಗೆ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ, ಇದನ್ನು ಮನೆಯ ಹಿರಿಯರಿಗೂ ಹೇಳಿಡಿ.

ಇಟ್ಟುಕೊಳ್ಳುತ್ತೀರಾ? ಮೆತ್ತನೆಯ ಪಿವಿಸಿ ಆಲ್ಬಮ್ ಬೇಡ, ಅದರ ಎಣ್ಣೆಯಂಶ ವರ್ಷಗಳು ಕಳೆದಂತೆ ಬಿಟ್ಟುಕೊಂಡು ಚಿತ್ರಕ್ಕೆ ಹತ್ತುತ್ತದೆ. ಪಾಲಿಪ್ರೊಪಿಲೀನ್ ಕವರು ಕೇಳಿ ತನ್ನಿ. ಕವರು ಹಾಕಿದ ಕಾರ್ಡುಗಳನ್ನು ಒಣಗಿದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ಲಿನ ಪೊಟ್ಟಣ ಒಂದೆರಡು ಹಾಕಿ, ಗೋಡೆಗೆ ತಾಗದ ಹಾಗೆ ಬೀರುವಿನಲ್ಲಿಡಿ. ಅಟ್ಟಕ್ಕೆ ಮತ್ತೆ ಏರಿಸಬೇಡಿ, ಅಲ್ಲಿನ ಬಿಸಿಲಿನ ಕಾವು, ಗೆದ್ದಲು, ಬೆಳ್ಳಿಹುಳ ಮೂರೂ ಕಾಗದಕ್ಕೆ ಆಗದವು.