ಎಕ್ಸ್‌ಎಂಎಲ್ ಲೋಡ್ ಆಯ್ತು, ಹೆಸರು ಮಾತ್ರ ಬರಲಿಲ್ಲ

ಪುಸ್ತಕಗಳ ಪಟ್ಟಿ ತೋರಿಸುವ ಪುಟವೊಂದು ನನ್ನ ಪಾಲಿಗೆ ಬಂದಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಕಾಲ ಇನ್ನೂ ಮುಗಿದಿರಲಿಲ್ಲ. ಪಟ್ಟಿಯೆಲ್ಲ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿತ್ತು, ಅಂದರೆ ಪ್ರತಿ ಮಾಹಿತಿಯನ್ನೂ ಹೆಸರಿಟ್ಟ ಟ್ಯಾಗುಗಳ ನಡುವೆ ಬರೆದಿಟ್ಟ ಪಠ್ಯದ ಫೈಲು. ಅದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಓದಲು ಎಕ್ಸ್‌ಪ್ಲೋರರ್‌ಗೆ ಮೈಕ್ರೋಸಾಫ್ಟ್‌ನದೇ ಆದ ಆಕ್ಟಿವ್‌ಎಕ್ಸ್ ಆಬ್ಜೆಕ್ಟು, ಫೈರ್‌ಫಾಕ್ಸ್‌ಗೆ ಕ್ರಿಯೇಟ್‌ಡಾಕ್ಯುಮೆಂಟ್. ಎರಡರಲ್ಲೂ ಫೈಲನ್ನು ತರುವ ಲೋಡ್ ಎಂಬ ಮೆಥಡ್ ಇತ್ತಲ್ಲ, ಕ್ರಿಯೇಟ್‌ಡಾಕ್ಯುಮೆಂಟ್ ಇದೆಯೇ ಎಂದು ನೋಡುವ ಒಂದು ಇಫ್, ಒಂದು ಎಲ್ಸ್ ಬರೆದು ಕೈತೊಳೆದುಕೊಂಡೆ.

ಸಫಾರಿಯಲ್ಲಿ ಪುಟ ಖಾಲಿ. ಕ್ರಿಯೇಟ್‌ಡಾಕ್ಯುಮೆಂಟ್ ಅಲ್ಲೂ ಇತ್ತು, ಲೋಡ್ ಇರಲಿಲ್ಲ. ಇದೆಯೇ ಎಂದು ನಾನು ನೋಡಿದ್ದು ಒಂದನ್ನು, ಕರೆದದ್ದು ಇನ್ನೊಂದನ್ನು!

ಹಾಗಾಗಿ ಸರ್ವರ್‌ನಿಂದ ಫೈಲು ತರಿಸುವ ಇನ್ನೊಂದು ದಾರಿ, ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್‌ಗೆ ಬಂದೆ. ಎಕ್ಸ್‌ಪ್ಲೋರರ್ 7ರಿಂದ ಅದು ನೇರವಾಗಿಯೇ ಸಿಗುತ್ತಿತ್ತು. 6ಕ್ಕೆ ಮಾತ್ರ ಆಕ್ಟಿವ್‌ಎಕ್ಸ್ ದಾರಿ. ಆದರೆ ಫೈರ್‌ಫಾಕ್ಸ್‌ನಲ್ಲಿ ಓದಿದ ಎಕ್ಸ್‌ಎಂಎಲ್ ಸಿಗಬೇಕಾದ ರೆಸ್ಪಾನ್ಸ್‌ಎಕ್ಸ್‌ಎಂಎಲ್ ನಲ್ (ಏನೂ ಇಲ್ಲ) ಆಗಿ ಬರುತ್ತಿತ್ತು. ಸರ್ವರ್ ಆ ಫೈಲನ್ನು ಬರೀ ಪಠ್ಯವೆಂದು ಹೇಳಿ ಕಳಿಸುತ್ತಿತ್ತು, ಸರ್ವರ್ ಸೆಟ್ಟಿಂಗ್ ನನ್ನ ಕೈಯಲ್ಲಿರಲಿಲ್ಲ. ಸರ್ವರ್ ಹೇಳಿದ ಫೈಲಿನ ಬಗೆಯನ್ನು ತಳ್ಳಿಹಾಕುವ ಓವರ್‌ರೈಡ್‌ಮೈಮ್‌ಟೈಪ್ ಹಾಕೋಣವೆಂದರೆ ಆಗಿನ ಎಕ್ಸ್‌ಪ್ಲೋರರ್‌ಗೆ ಅದರ ಗಂಧವೇ ಇಲ್ಲ. ಕೊನೆಗೆ ಪಠ್ಯವನ್ನೇ ತರಿಸಿ ನಾನೇ ಪಾರ್ಸ್ ಮಾಡಿದೆ, ಅಂದರೆ ಟ್ಯಾಗುಗಳನ್ನು ಬಿಡಿಸಿ ಡಾಕ್ಯುಮೆಂಟ್ ಎಂಬ ಮರದ ರೂಪಕ್ಕೆ ತಂದೆ: ಬ್ರೌಸರ್‌ನಲ್ಲಿ ಡಾಮ್‌ಪಾರ್ಸರ್ ಇದ್ದರೆ ಅದು, ಇಲ್ಲದಿದ್ದರೆ ಆಕ್ಟಿವ್‌ಎಕ್ಸ್‌ನ ಲೋಡ್‌ಎಕ್ಸ್‌ಎಂಎಲ್.

ಈಗ ಎಲ್ಲ ಕಡೆ ಡಾಕ್ಯುಮೆಂಟ್ ಸಿಕ್ಕಿತು. ಎಕ್ಸ್‌ಪ್ಲೋರರ್‌ನಲ್ಲಿ ಪುಸ್ತಕದ ಹೆಸರೂ ಬಂತು, ಫೈರ್‌ಫಾಕ್ಸ್‌ನಲ್ಲಿ ಬರಲಿಲ್ಲ. ನನ್ನ ಎರಡು ದಿನ ತಿಂದದ್ದು ಇದೇ. ನಾನು ಫಸ್ಟ್‌ಚೈಲ್ಡ್, ಅಂದರೆ ಟ್ಯಾಗಿನೊಳಗಿನ ಮೊದಲ ತುಣುಕನ್ನು ಕೇಳಿದ್ದೆ. ಟ್ಯಾಗುಗಳ ನಡುವೆ ಓದಲು ಅನುಕೂಲವಾಗಲೆಂದು ಬಿಟ್ಟ ಹೊಸ ಸಾಲು, ಖಾಲಿ ಜಾಗ, ಇವನ್ನು ಎಕ್ಸ್‌ಪ್ಲೋರರ್ ತಾನಾಗಿಯೇ ಕಿತ್ತೆಸೆಯುತ್ತಿತ್ತು. ಫೈರ್‌ಫಾಕ್ಸ್ ಅದನ್ನೂ ಒಂದು ಟೆಕ್ಸ್ಟ್ ನೋಡ್ (ಪಠ್ಯದ ತುಣುಕು) ಎಂದು ಲೆಕ್ಕ ಹಿಡಿಯುತ್ತಿತ್ತು. ಪ್ರಮಾಣಕ ಓದಿದರೆ ಫೈರ್‌ಫಾಕ್ಸೇ ಸರಿ. ನಾನು ಬೈದದ್ದು ಅದನ್ನೇ! ಗೆಟ್‌ಎಲಿಮೆಂಟ್ಸ್‌ಬೈಟ್ಯಾಗ್‌ನೇಮ್‌ನಲ್ಲಿ ಹೆಸರು ಹಿಡಿದೇ ಹುಡುಕತೊಡಗಿದ ಮೇಲೆ ಈ ಕಾಟ ತಪ್ಪಿತು.

ಉದ್ದದ ಪರಿಚಯ ಬರಹವಿದ್ದ ಪುಸ್ತಕಗಳಲ್ಲಿ ಇನ್ನೊಂದು ಸೋಜಿಗ. ಬರಹ ನಡುವೆಯೇ ತುಂಡಾಗುತ್ತಿತ್ತು. ಆಗಿನ ಫೈರ್‌ಫಾಕ್ಸ್ ಒಂದು ಟೆಕ್ಸ್ಟ್ ನೋಡ್‌ನಲ್ಲಿ 4096 ಅಕ್ಷರ ಮಾತ್ರ ಇಟ್ಟು, ಉಳಿದದ್ದನ್ನು ಪಕ್ಕದ ನೋಡ್‌ಗೆ ಹಾಕುತ್ತಿತ್ತು. ತುಣುಕುಗಳನ್ನೆಲ್ಲ ಸೇರಿಸಿ ಕೊಡುವ ಟೆಕ್ಸ್ಟ್‌ಕಂಟೆಂಟ್ ಬಳಸಿದರೆ ಪೂರ್ತಿ ಬರುತ್ತಿತ್ತು; ಎಕ್ಸ್‌ಪ್ಲೋರರ್‌ನಲ್ಲಿ ಆ ಕೆಲಸಕ್ಕೆ ಇದ್ದದ್ದು ಟೆಕ್ಸ್ಟ್ ಎಂಬ ಪ್ರಾಪರ್ಟಿ. ಇದಕ್ಕೊಂದು ಪುಟ್ಟ ಫಂಕ್ಷನ್ ಸಾಕಾಯಿತು.

ಈಗ ಆ ಎಲ್ಸ್ ಭಾಗವನ್ನೆಲ್ಲ ಅಳಿಸಿದ್ದೇನೆ. ಫೈಲು ತರಲು ಫೆಚ್, ಬಿಡಿಸಲು ಡಾಮ್‌ಪಾರ್ಸರ್, ಇವೆರಡೇ ಸಾಲುತ್ತವೆ. ಒಂದು ಸಾಲನ್ನು ಮಾತ್ರ ಮುಟ್ಟಿಲ್ಲ. ಎಕ್ಸ್‌ಎಂಎಲ್ ತಪ್ಪಿದ್ದರೆ ಡಾಮ್‌ಪಾರ್ಸರ್ ಎಕ್ಸೆಪ್ಷನ್ ಎಸೆದು ಕೆಲಸ ನಿಲ್ಲಿಸುವುದಿಲ್ಲ, ಪಾರ್ಸರ್‌ಎರರ್ ಎಂಬ ಎಲಿಮೆಂಟ್ ಇರುವ ಡಾಕ್ಯುಮೆಂಟನ್ನು ಸುಮ್ಮನೆ ಕೈಗಿಡುತ್ತದೆ. ಕೆಲವು ಬ್ರೌಸರ್‌ಗಳಲ್ಲಿ ಅದು ಬೇರಿನಲ್ಲೇ, ಎಲ್ಲಕ್ಕಿಂತ ಹೊರಗಿನ ಟ್ಯಾಗಾಗಿ ಇರುತ್ತದೆ, ಕೆಲವದರಲ್ಲಿ ಒಳಗೆಲ್ಲೋ. ಅದಕ್ಕೇ ಡಾಕ್ಯುಮೆಂಟ್ ಪೂರ್ತಿ ಹುಡುಕುವ ಆ ಸಾಲು ಇವತ್ತಿಗೂ ಹಾಗೆಯೇ ಇದೆ.